ಸದ್ದಿಲ್ಲದೆ ಬಂದ ಕಾರು

ಈದ್ ಮುಗಿದ ಮೇಲೆ ಗುಂಡಿ ಮುಚ್ಚಿಸುತ್ತೇನೆ ಎಂದು ಸಮೀಹ್ ಹೇಳಿದಾಗ ಅವನ ಅಣ್ಣ ಬಹಜತನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಅದನ್ನು ಅವನು ತಮ್ಮನ ತಲೆಗೆ ಎಸೆಯಲಿಲ್ಲ. ಮೆಲ್ಲಗೆ ಕೆಳಗಿಟ್ಟ. ಎಸೆದಿದ್ದರೇ ಚೆನ್ನಾಗಿತ್ತು. ಹಣೆಗೆ ನಾಲ್ಕು ಹೊಲಿಗೆ ಬೀಳುತ್ತಿದ್ದವು, ಓಣಿಯವರು ಬಂದು ಬಿಡಿಸುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಗುಂಡಿ ಎಂದರೆ ಗ್ಯಾರೇಜಿನ ನೆಲದಲ್ಲಿ ಉದ್ದಕ್ಕೆ ತೋಡಿದ್ದು. ಮೇಲೆ ಕಾರು ನಿಲ್ಲಿಸಿ, ಕೆಳಗಿಳಿದು ಅದರ ಹೊಟ್ಟೆ ನೋಡುವಂಥದು. ಅಮ್ಮಾನ್ ನಗರದ ಬಯಾದರ್ ಬಡಾವಣೆ ಇನ್ನೂ ಅರ್ಧ ಹೊಲವಾಗಿದ್ದಾಗ ಅಪ್ಪ ಅದನ್ನು ಗುದ್ದಲಿಯಲ್ಲಿ ಅಗೆದಿದ್ದ. ಅವನ ಬೆನ್ನು ಬಗ್ಗಿದ್ದು ಅದರೊಳಗೆ. ಅಪ್ಪ ಸತ್ತಾಗ ಬಹಜತನಿಗೆ ಮೀಸೆ ಚಿಗುರುತ್ತಿತ್ತು, ಸಮೀಹ್ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮಗು. ತಮ್ಮನನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ಗುಂಡಿಯ ದುಡಿಮೆ. ಬಹಜತನಿಗೆ ಮಕ್ಕಳಾಗಲಿಲ್ಲ. ಹೆಂಡತಿ ಹೋದ ವರ್ಷ ತೀರಿಕೊಂಡಳು. ಅವನಿಗೆ ಉಳಿದದ್ದು ಆ ಗುಂಡಿ ಮತ್ತು ಅವನ ಕಿವಿ.

ಆ ಕಿವಿ ಬಯಾದರಿಗೆಲ್ಲ ಗೊತ್ತಿತ್ತು. ಕಾರು ಓಣಿಯ ಬಾಯಿಗೆ ತಿರುಗುವಾಗಲೇ ಅದರ ಎಂಜಿನ್ನಿಗೆ ಏನು ಕಾಯಿಲೆ ಎಂದು ಬಹಜತ್ ಹೇಳಿಬಿಡುತ್ತಿದ್ದ. ಆದರೆ ಈಚೆಗೆ ಓಣಿಯಲ್ಲಿ ಎಂಜಿನ್ನುಗಳೇ ಕಡಿಮೆಯಾಗಿದ್ದವು. ಸೊಳ್ಳೆಯಂತೆ ಕುಂಯ್‌ಗುಡುತ್ತ ವಿದ್ಯುತ್ ಕಾರುಗಳು ಹಾದುಹೋಗುತ್ತಿದ್ದವು. ಆ ಕುಂಯ್ ಕೇಳಿದರೆ ಸಾಕು, ಅವನ ಹಲ್ಲು ಜುಮ್ಮೆನ್ನುತ್ತಿತ್ತು.

"ಅಣ್ಣಾ, ಹೊಸ ಕಾರಿಗೆ ಲಿಫ್ಟ್ ಬೇಕು. ನೆಲ ಸಮ ಇರ್ಬೇಕು. ಗುಂಡಿ ಇಟ್ಕೊಂಡು ಏನ್ ಮಾಡ್ತೀಯ?"

"ನನ್ನನ್ನ ಹೂಳು. ಅಳತೆ ಸರಿಯಾಗಿದೆ."

"ರಂಜಾನ್ ತಿಂಗಳಲ್ಲಿ ಎಂಥ ಮಾತು ಆಡ್ತೀಯ!"

"ನೀನು ಆಡಿಸ್ತೀಯ, ನಾನು ಆಡ್ತೀನಿ."

ಮೊದಲು ಇಷ್ಟು ಕೆಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಸಮೀಹ್ ಒಂದು ವಿದ್ಯುತ್ ಕಾರು ಕಂಪನಿಯ ಏಜೆನ್ಸಿ ಹಿಡಿದಾಗ ಬಹಜತ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಗಿನ ಕಾರು ಗಿಡ್ಡ, ಬೆನ್ನು ಉಬ್ಬಿದ್ದು. ಜೋರ್ಡಾನಿನ ಬೆಟ್ಟ ಹತ್ತುವಾಗ ಅದಕ್ಕೆ ಉಸಿರೇ ಸಾಲುತ್ತಿರಲಿಲ್ಲ. ಓಣಿಯವರು ಅದಕ್ಕೆ ಆಮೆ ಎಂದು ಹೆಸರಿಟ್ಟರು. ಇದು ಬಿಕರಿಯಾದರೆ ಮೀಸೆ ಬೋಳಿಸುತ್ತೇನೆ ಎಂದು ಕಾಫಿ ಅಂಗಡಿಯಲ್ಲಿ ಬಹಜತ್ ಎಲ್ಲರೆದುರು ಹೇಳಿದ್ದ. ಮೀಸೆ ಉಳಿಯಿತು. ಈ ವರ್ಷ ಕಂಪನಿಯವರು ಆಮೆಯನ್ನು ಬುಡದಿಂದ ಬದಲಾಯಿಸಿ ಸುನೂನು ಎಂಬ ಹೊಸ ಕಾರು ಮಾಡಿದರು. ಸುನೂನು ಎಂದರೆ ಕವಲುಬಾಲದ ಪುಟ್ಟ ಹಕ್ಕಿ. ನೋಡಲು ಲಕ್ಷಣ, ಐದು ಜನಕ್ಕೆ ಜಾಗ, ಅಕಬಾ ಸಮುದ್ರದವರೆಗೆ ಒಂದೇ ಚಾರ್ಜು. ಬೆಲೆ ಮಾತ್ರ ಹಳೇ ಪೆಟ್ರೋಲ್ ಕಾರಿಗಿಂತ ಕಡಿಮೆ. ಊರಿಗೆ ಊರೇ ಅದರ ಮಾತಾಡತೊಡಗಿತು. ಮೇಷ್ಟರುಗಳು, ಟ್ಯಾಕ್ಸಿಯವರು, ಈವರೆಗೆ ಸ್ವಂತ ಕಾರಿನ ಕನಸೂ ಕಾಣದ ನರ್ಸಮ್ಮಗಳು, ಎಲ್ಲರೂ ಹೆಸರು ಬರೆಸಿದರು.

ರಂಜಾನಿನ ಮೊದಲ ವಾರದಲ್ಲಿ ಅದು ಬಂತು. ಸಮೀಹ್ ಗ್ಯಾರೇಜಿನ ಮುಂದಿನ ಅಂಗಳದಲ್ಲಿ ಬಣ್ಣದ ಡೇರೆ ಹೊಡೆಸಿ ಲಾಂದ್ರ ಕಟ್ಟಿಸಿದ್ದ. ಓಣಿಯ ಮೇಲ್ತುದಿಯಲ್ಲಿ ಲಾರಿ ನಿಂತಿತು, ಇಕ್ಕಟ್ಟಿಗೆ ಒಳಗೆ ಬರಲಾಗಲಿಲ್ಲ. ಕಾರನ್ನು ಅಲ್ಲೇ ಇಳಿಸಿದರು. ಸಮೀಹ್ ಸ್ಟಿಯರಿಂಗ್ ಹಿಂದೆ ಕೂತು ದೀಪ ಹೊತ್ತಿಸಿ ಇಳಿಜಾರಿನಲ್ಲಿ ಬಂದ. ಎರಡೂ ಕಡೆ ಜನ. ಹೆಂಗಸರು ನಾಲಿಗೆ ಹೊರಳಿಸಿ ಮದುವೆ ಮನೆಯ ಕೇಕೆ ಹಾಕಿದರು. ಒಂದು ಚೂರೂ ಸದ್ದಿಲ್ಲದೆ ಕಾರು ತೇಲಿ ಬಂದು ಡೇರೆಯ ಕೆಳಗೆ ನಿಂತಿತು.

ಎದುರಿನ ತಾರಸಿಯಲ್ಲಿ ಪಾರಿವಾಳ ಸಾಕುವ ಕಾಯಿದ್ ಮೇಲಿನಿಂದಲೇ ಕೂಗಿದ. "ಲೇ ಸಮೀಹ್, ನನ್ನ ಪಾರಿವಾಳ ಹೂಸು ಬಿಟ್ರೂ ಇದಕ್ಕಿಂತ ಜೋರು ಕೇಳುತ್ತೆ!"

ಹಾಜ್ಜಿ ಫಿಕ್ರಿಯಾ ಎಂಬ ಮುದುಕಿ ಸೀಟು ಒತ್ತಿ ನೋಡಿದಳು. "ಪೆಟ್ರೋಲಿಗೆ ಸುರಿದ ದುಡ್ಡಲ್ಲಿ ಇನ್ನೆರಡು ಸಲ ಮಕ್ಕಾ ನೋಡ್ತಿದ್ದೆ, ಮಗಾ" ಎಂದಳು. ಅವಳ ಕಾರಿನ ಕಾರ್ಬ್ಯುರೇಟರನ್ನು ಬಹಜತ್ ಇಪ್ಪತ್ತು ವರ್ಷ ಸಾಕಿದ್ದ. ಅವನು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಅವಳು ತಿರುಗಿಯೂ ನೋಡಲಿಲ್ಲ.

ಆ ಸಂಜೆ ಸಮೀಹ್ ಬಾಯಿ ತುಂಬ ನಗು ತುಂಬಿಕೊಂಡು ಒಳಗೆ ಬಂದ. "ಅಣ್ಣಾ, ಒಂದು ತಮಾಷೆ ಹೇಳ್ತೀನಿ. ಯಾರಿಗೂ ಹೇಳ್ಬಾರ್ದು. ಆ ಕಾರಿದ್ಯಲ್ಲ..."

"ಆ ಕಾರಿನ ಸುದ್ದಿ ನನ್ನ ಹತ್ರ ಎತ್ತಬೇಡ."

"ಕೇಳಪ್ಪಾ, ನಿಂಗೆ ನಗು ಬರುತ್ತೆ."

"ಎತ್ತಬೇಡ ಅಂದೆ. ಕಿವಿ ಕೇಳಲ್ವಾ?"

ಸಮೀಹನ ನಗು ಇಳಿಯಿತು. ಹೋಗಿಬಿಟ್ಟ. ಅವನ ಬಾಯಿ ಮುಚ್ಚಿಸಿದ್ದಕ್ಕೆ ಬಹಜತನಿಗೆ ಒಳಗೊಳಗೇ ಖುಷಿಯಾಯಿತು.

ಅಪರಾಧದ ಯೋಚನೆ ಅವನಿಗೆ ಕೋಪದಲ್ಲಿ ಬರಲಿಲ್ಲ. ಒಂದು ಮಧ್ಯಾಹ್ನ ಗುಂಡಿಯೊಳಗೆ ಸುಮ್ಮನೆ ಕೂತಿದ್ದಾಗ ಬಂತು. ಜನಕ್ಕೆ ಈ ಕಾರಿನ ಮೇಲೆ ಆಸೆ ಇದ್ದ ಹಾಗೆ ಒಂದು ಭಯವೂ ಇತ್ತು. ಡೇರೆಗೆ ಬಂದವರೆಲ್ಲ ಕೊನೆಗೆ ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಬ್ಯಾಟರಿ ಹೊತ್ಕೊಳ್ಳಲ್ಲ ತಾನೇ?" ಸಮೀಹ್ ಎದೆ ಮುಟ್ಟಿ ಇಲ್ಲ ಎನ್ನುತ್ತಿದ್ದ. ಒಂದೇ ಒಂದು ಕಾರು, ಅದೂ ಎಲ್ಲರೂ ಸೀಟು ಒತ್ತಿ ನೋಡಿದ ಇದೇ ಕಾರು ತಾನಾಗಿ ಹೊತ್ತಿಕೊಂಡರೆ, ಬರೆಸಿದ ಹೆಸರುಗಳನ್ನೆಲ್ಲ ಜನ ಓಡಿಬಂದು ಹೊಡೆಸಿಹಾಕುತ್ತಾರೆ. ಲಿಫ್ಟ್ ಬರುವುದಿಲ್ಲ. ಗುಂಡಿ ಉಳಿಯುತ್ತದೆ.

ಅಲ್ಲಿಂದ ಮುಂದೆ ಅವನು ಎಂಜಿನ್ ಬಿಚ್ಚಿದ ಹಾಗೆ ಇದನ್ನು ಬಿಚ್ಚಿ ಜೋಡಿಸಿದ. ಯಾರ ಒಂದು ಕೂದಲೂ ಸುಡಬಾರದು. ಡೇರೆ ಕಟ್ಟಡದಿಂದ ದೂರವೇ ಇತ್ತು, ಅದು ಸರಿ. ಕಾರು ಕಂಪನಿಯದು, ವಿಮೆ ಇದೆ, ಆದ್ದರಿಂದ ತಮ್ಮನಿಗೆ ನಷ್ಟವಿಲ್ಲ. ಅದನ್ನೂ ಬೇರೆ ಮಾತಿನ ನಡುವೆ ಕೇಳಿ ತಿಳಿದುಕೊಂಡ. ಹೊತ್ತು ಯಾವುದು ಎಂಬುದಕ್ಕೆ ಯೋಚಿಸಬೇಕಾಗಿಯೇ ಇರಲಿಲ್ಲ. ರಂಜಾನಿನಲ್ಲಿ ಸಂಜೆಯ ಬಾಂಗ್ ಆಗುವ ಗಳಿಗೆಗೆ ಅಮ್ಮಾನಿನಲ್ಲಿ ಬೀದಿನಾಯಿ ಕೂಡ ಇರುವುದಿಲ್ಲ. ದಿನವಿಡೀ ಹಸಿದವರು ಬಾಗಿಲು ಹಾಕಿಕೊಂಡು ತಟ್ಟೆಯ ಮುಂದೆ ಕೂತಿರುತ್ತಾರೆ. ಕಾವಲುಗಾರನೂ ಮಸೀದಿಯ ಪಂಕ್ತಿಗೆ ಓಡುತ್ತಾನೆ.

ಅಂಜಿಕೆ ಇದ್ದದ್ದು ಕಾಯಿದನೊಬ್ಬನದೇ. ತಾರಸಿಯಲ್ಲಿ ನಿಂತವನಿಗೆ ಎಲ್ಲ ಕಾಣುತ್ತದೆ. ಆದರೆ ಅವನೂ ಬಾಂಗಿಗೆ ಮುಂಚೆ ಹಕ್ಕಿಗಳನ್ನು ಗೂಡಿಗೆ ತುಂಬಿ ಕೆಳಗಿಳಿಯುತ್ತಿದ್ದ. ಅಲ್ಲದೆ ಪಾರಿವಾಳದವರು ಹುಟ್ಟು ಸುಳ್ಳರು, ಅವರ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಬಹಜತ್ ಅದನ್ನೂ ಲೆಕ್ಕಕ್ಕೆ ಹಿಡಿದ.

ಇನ್ನು ಬೇಕಾದದ್ದು ಬೆಂಕಿ ಹತ್ತುವಾಗ ತಾನೆಲ್ಲಿದ್ದೆ ಎಂಬುದಕ್ಕೆ ಉತ್ತರ. ಅದಕ್ಕೆ ತಮ್ಮನ ಮನೆಗಿಂತ ಒಳ್ಳೆಯ ಜಾಗ ಯಾವುದು? ಅಣ್ಣನನ್ನು ಸಮೀಹ್ ಪ್ರತಿ ರಂಜಾನಿನಲ್ಲೂ ಊಟಕ್ಕೆ ಕರೆಯುತ್ತಿದ್ದ. ಈ ಸಲ ಜಗಳದಿಂದಾಗಿ ಬಹಜತ್ ಹೋಗಿರಲಿಲ್ಲ. ಗುರುವಾರ ತಾನಾಗಿಯೇ ಹೇಳಿದ: "ಇವತ್ತು ನಿಮ್ಮನೇಲಿ ಉಪವಾಸ ಬಿಡ್ತೀನಿ. ಹನಾನ್‌ಗೆ ಹೇಳು."

ಸಮೀಹನ ಕಣ್ಣು ತುಂಬಿಬಂತು. "ಬಾ ಅಣ್ಣಾ. ಮಖ್ಲೂಬಾ ಮಾಡಿಸ್ತೀನಿ. ಬದನೆಕಾಯಿ ಜಾಸ್ತಿ ಹಾಕಿ, ಅಮ್ಮ ಮಾಡ್ತಿದ್ದ ಹಾಗೆ."

ಓಣಿ ಖಾಲಿಯಾಗುತ್ತಿದ್ದಾಗ ಬಹಜತ್ ಡೇರೆಗೆ ಹೋದ. ಕಾಯಿದನ ತಾರಸಿ ಬರಿದಾಗಿತ್ತು. ಕಾರಿನ ಕೆಳಗೆ ಕೈ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೊತ್ತುವಂತೆ ಮಾಡಬೇಕಾದ್ದನ್ನು ಮಾಡಿದ. ಬದುಕಿಡೀ ಎಣ್ಣೆ, ಚಿಂದಿ, ಕಿಡಿಗಳ ನಡುವೆ ಎಚ್ಚರದಿಂದ ಇದ್ದವನಿಗೆ ಎಚ್ಚರ ತಪ್ಪುವುದು ಹೇಗೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆಮೇಲೆ ಗ್ಯಾರೇಜಿಗೆ ಬೀಗ ಹಾಕಿ, ಕೈಗೆ ಮೂರು ಸಲ ಸೋಪು ಹಚ್ಚಿ ತೊಳೆದು, ಮೇಲಿನ ಬೀದಿಯ ತಮ್ಮನ ಮನೆಗೆ ನಡೆದ.

ಬಾಂಗ್ ಆಯಿತು. ಸಮೀಹ್ ಒಂದು ಖರ್ಜೂರ ಬಿಡಿಸಿ ಅರ್ಧ ಅಣ್ಣನಿಗೆ ಕೊಟ್ಟ. ಚಿಕ್ಕಂದಿನಲ್ಲಿ ಬಹಜತ್ ಅವನಿಗೆ ಹಾಗೆ ಕೊಡುತ್ತಿದ್ದ. ಸಮೀಹನ ಹೆಂಡತಿ ಹನಾನ್ ಪಾತ್ರೆಯನ್ನು ದೊಡ್ಡ ತಟ್ಟೆಗೆ ಬೋರಲು ಹಾಕಿ ಎತ್ತಿದಳು, ಅನ್ನ ಕೋಟೆಯ ಹಾಗೆ ನಿಂತಿತು.

"ತಿನ್ನಿ ಭಾವ, ಬಡಕಲಾಗಿದ್ದೀರಿ. ಗುಂಡಿ ನಿಮ್ಮನ್ನ ತಿಂದು ಹಾಕಿದೆ."

"ಗುಂಡಿ ವಿಷಯ ನಾನೇ ಹೇಳ್ಬೇಕು ಅಂತಿದ್ದೆ," ಎಂದ ಸಮೀಹ್. ತಟ್ಟೆಯನ್ನೇ ನೋಡುತ್ತ ಹೇಳಿದ. "ಮೇಸ್ತ್ರಿಗೆ ಬೇಡ ಅಂದ್ಬಿಟ್ಟೆ. ಲಿಫ್ಟ್ ಅಂಗಳದಲ್ಲಿ ಹಾಕಿಸ್ತೀನಿ, ತಗಡಿನ ಚಪ್ಪರ ಸಾಕು. ಗುಂಡಿ ನಿಂದು. ಅಪ್ಪ ಅಲ್ಲಿ ನಿಂತಿದ್ದು ನಂಗೂ ಮಸುಕಾಗಿ ನೆನಪಿದೆ, ಅಣ್ಣಾ. ನಾನೇನು ಕಲ್ಲಾ?"

ಬಹಜತನ ಬಾಯಲ್ಲಿ ತುತ್ತಿತ್ತು. ಗೋಡೆ ಗಡಿಯಾರ ನೋಡಿದ. ಇನ್ನೂ ಹೊತ್ತಿತ್ತು. ಈಗ ಎದ್ದು ಓಡಿದರೆ ತಲುಪಬಹುದಿತ್ತು. ಹೊಟ್ಟೆನೋವು ಬಂದವನಂತೆ ನಟಿಸಬಹುದಿತ್ತು, ಬೀಗ ಹಾಕಲು ಮರೆತೆ ಎನ್ನಬಹುದಿತ್ತು. ಆದರೆ ಅವನ ಯೋಜನೆಯಲ್ಲಿ ಮಧ್ಯದಲ್ಲಿ ಏಳುವುದು ಇರಲಿಲ್ಲ. ಬಾಂಗ್ ಆದ ಮೇಲೆ ತಟ್ಟೆ ಬಿಟ್ಟು ಎದ್ದವನನ್ನು ಊರು ಮರೆಯುವುದಿಲ್ಲ. ಅವನು ಅನ್ನ ನುಂಗಿದ.

"ಏನಾದ್ರೂ ಹೇಳಣ್ಣಾ."

"ಬದನೆಕಾಯಿ ಚೆನ್ನಾಗಿದೆ," ಎಂದ ಬಹಜತ್. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದು ಸಂತೋಷಕ್ಕೆ ಎಂದುಕೊಂಡು ಹನಾನ್ ತಲೆವಸ್ತ್ರದ ತುದಿಯಲ್ಲಿ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಸಿಹಿ ಕತಾಯೆಫ್ ತಟ್ಟೆಗೆ ಬರುವ ಮುಂಚೆ ಸಮೀಹನ ಫೋನು ಬಡಿದುಕೊಂಡಿತು.

ಅವರು ಬರುವಷ್ಟರಲ್ಲಿ ಡೇರೆ ಇರಲಿಲ್ಲ. ಸುನೂನು ಕಪ್ಪು ಎಲುಬಿನ ಗೂಡಾಗಿತ್ತು. ಅಗ್ನಿಶಾಮಕ ದಳದವರು ಇನ್ನೂ ನೀರು ಹೊಡೆಯುತ್ತಿದ್ದರು. ಯಾರಿಗೂ ಗಾಯವಾಗಿರಲಿಲ್ಲ. ಎಲ್ಲ ಮನೆಗಳಿಂದ ಜನ ಬಾಯಲ್ಲಿ ತುತ್ತಿಟ್ಟುಕೊಂಡೇ ಓಡಿಬಂದಿದ್ದರು. ಹಾಜ್ಜಿ ಫಿಕ್ರಿಯಾ ಎದೆ ಬಡಿದುಕೊಂಡು, "ಅಯ್ಯೋ ನನ್ನ ಹಕ್ಕಿ, ನನ್ನ ಹಕ್ಕಿ" ಎಂದು ಅಳುತ್ತಿದ್ದಳು. ಜನ ಹೆದರುತ್ತಾರೆ ಎಂದು ಬಹಜತ್ ಲೆಕ್ಕ ಹಾಕಿದ್ದ. ಅಳುತ್ತಾರೆ ಎಂದು ಹಾಕಿರಲಿಲ್ಲ. ಸಮೀಹ್ ಕಲ್ಲಿನ ಕಟ್ಟೆಯ ಮೇಲೆ ಕುಸಿದು ಕೂತ.

ದಳದ ಅಧಿಕಾರಿ ಬಂದು ಕೇಳಿದ. "ಇಲ್ಲಿ ಮೆಕ್ಯಾನಿಕ್ ಯಾರು?"

ಗುಂಡಿ ಹೇಗೂ ಉಳಿದಿದೆ ಎಂದು ಗೊತ್ತಾದ ಮೇಲೆ ಬಹಜತ್ ಸುಮ್ಮನಿರಬಹುದಿತ್ತು. ಆದರೆ ಈ ಮಾತುಗಳನ್ನು ಅವನು ವಾರದಿಂದ ಬಾಯಿಪಾಠ ಮಾಡಿದ್ದ. ಅವು ತಾವಾಗಿ ಹೊರಬಂದವು. "ನಾನು ಸ್ವಾಮಿ, ನಲವತ್ತು ವರ್ಷದಿಂದ. ಇದು ಬ್ಯಾಟರಿಯದೇ ಕೆಲಸ. ಸಂಜೆ ಬಾಗಿಲು ಹಾಕುವಾಗ ಕಾರಿನ ಅಡಿಗೆ ಕಿವಿ ಕೊಟ್ಟು ಕೇಳಿದೆ. ಬ್ಯಾಟರಿ ಒಳಗೆ ಕುದಿಯೋ ಹಾಗೆ ಸುಂಯ್ ಅಂತಿತ್ತು. ಆಗ್ಲೇ ಹೇಳ್ಬೇಕಿತ್ತು. ತಮ್ಮನ ಮನಸ್ಸಿಗೆ ನೋವಾಗುತ್ತೆ ಅಂತ ಬಿಟ್ಟೆ."

"ಉಸ್ತಾದ್ ಕಿವಿ ಸುಳ್ಳು ಹೇಳಲ್ಲ," ಎಂದು ಗುಂಪಿನಿಂದ ಕಾಯಿದನೇ ಕೂಗಿದ. ಉಳಿದವರು ಹೌದು ಹೌದು ಎಂದರು. ಅಧಿಕಾರಿ ಬರೆದುಕೊಂಡ. ಆಮೇಲೆ ಸಮೀಹನ ಕಡೆ ತಿರುಗಿದ. "ಕೇಳಿದ್ರಾ? ನಿಮ್ಮಣ್ಣ ಬ್ಯಾಟರಿ ಕುದಿಯೋದನ್ನ ಕಿವಿಯಾರೆ ಕೇಳಿದ್ದಾರಂತೆ."

ಸಮೀಹ್ ತಲೆಯೆತ್ತಿ ಅಣ್ಣನನ್ನು ನೋಡಿದ. ಏನಾದರೊಂದು ಹೇಳಿ ಇವನನ್ನು ಉಳಿಸಲು ಸಾಧ್ಯವೇ ಎಂದು ಹುಡುಕುವವನ ಹಾಗೆ ಅವನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೊನೆಗೆ ಅಧಿಕಾರಿಗಲ್ಲ, ಅಣ್ಣನಿಗೇ ಹೇಳಿದ: "ಅದ್ರಲ್ಲಿ ಬ್ಯಾಟರಿ ಇರ್ಲಿಲ್ಲ, ಅಣ್ಣಾ. ದೀಪಕ್ಕೊಂದು ಚಿಕ್ಕದಿತ್ತು, ಅಷ್ಟೇ. ದೊಡ್ಡದು ಪರೀಕ್ಷೆ ಆಗ್ಲಿ ಅಂತ ಇನ್ನೂ ಝರ್ಕಾದ ಗೋದಾಮಲ್ಲಿದೆ. ಹಬ್ಬದೊಳಗೆ ಜನ ನೋಡ್ಲಿ ಅಂತ ಬರೀ ಗೂಡು ಕಳ್ಸಿದ್ರು. ಅವತ್ತು ಇಳಿಜಾರಲ್ಲಿ ಬ್ರೇಕ್ ಬಿಟ್ಟು ಉರುಳಿಸ್ಕೊಂಡು ಬಂದೆ. ಆ ತಮಾಷೇನೇ ನಿಂಗೆ ಹೇಳೋಕೆ ಬಂದಿದ್ದು." ಅಧಿಕಾರಿಯ ಪೆನ್ನು ನಿಂತಿತು. ಗುಂಪು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಬಹಜತನಿಗೆ ಕಾರು ಬಂದ ದಿನ ಮತ್ತೆ ಕೇಳಿಸಿತು. ಹೆಂಗಸರ ಕೇಕೆ, ಕಾಯಿದನ ಕೂಗು, ಜಲ್ಲಿಯ ಮೇಲೆ ನಾಲ್ಕು ಟೈರುಗಳು ಉರುಳಿದ ಸದ್ದು, ಅಷ್ಟೇ. ದಿನಕ್ಕೆ ನೂರು ಸಲ ಅವನ ಹಲ್ಲು ಜುಮ್ಮೆನ್ನಿಸುತ್ತಿದ್ದ ಆ ಸೊಳ್ಳೆಯ ಕುಂಯ್ ಅದರಲ್ಲಿ ಎಲ್ಲೂ ಇರಲಿಲ್ಲ.