ಅಜ್ಜಿ ಹಿಡಿದಿಟ್ಟ ಮೇಲ್‌ಗಳು

ಶುಕ್ರವಾರ ಬೆಳಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ದೂರುದಾರನ ಸೋದರಸೊಸೆ ಆಸ್ಪತ್ರೆಯಲ್ಲಿದ್ದಳು. ಏಳು ವರ್ಷದ ಆ ಹುಡುಗಿಗೆ ಅಸ್ಥಿಮಜ್ಜೆ ಕೊಡುವ ದಾನಿ ಸಿಕ್ಕಿದ್ದರು. ದಾನಿಗಳ ಸಂಸ್ಥೆ ನಿಯಮದಂತೆ ಆಸ್ಪತ್ರೆಯ ವಿಳಾಸಕ್ಕಷ್ಟೇ ಕಳಿಸಿದ ಇ-ಮೇಲ್‌ಗೆ ಅಂದು ಸಂಜೆಯೊಳಗೆ ಒಪ್ಪಿಗೆ ಹೋಗದಿದ್ದರೆ ಆ ದಾನಿ ಬೇರೆಯವರ ಪಾಲಾಗುತ್ತಿದ್ದರು.

"ಸಂಸ್ಥೆಯವರು ಎರಡೆರಡು ಸಲ ಕಳಿಸಿದೀವಿ ಅಂತಾರೆ, ಆಸ್ಪತ್ರೆಯವರು ಬಂದೇ ಇಲ್ಲ ಅಂತಾರೆ. ದೇವರು ವರ ಕೊಟ್ರೂ ಪೂಜಾರಿ ಕೊಡ್ತಿಲ್ಲ ಸಾರ್."

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಆಸ್ಪತ್ರೆಗೆ ಹೊರಟರು. ಅಲ್ಲಿನ ಎಂಜಿನಿಯರ್ ನಿದ್ದೆಗೆಟ್ಟು ಕೂತಿದ್ದ.

"ಹೊಸ ಸರ್ವರ್‌ಗೆ ಬದಲಾಗ್ತಿದೀವಿ, ಈ ವಾರ ಹಳೇದನ್ನ ಆರಿಸ್ಬೇಕು. ಹೊರಗಿನ ಮೇಲ್ ಮೊದಲು ಹಳೇದಕ್ಕೆ ಬಂದು, ಅಲ್ಲಿಂದ ಹೊಸದಕ್ಕೆ ದಾಟ್ಬೇಕು. ಸೋಮವಾರದಿಂದ ಒಂದೂ ದಾಟಿಲ್ಲ."

"ಹಳೇದನ್ನ ನೋಡಿದ್ರಾ?"

"ಸರಿಯಾಗೇ ಇದೆ ಅಂತ ಅದನ್ನ ನೋಡ್ಕೊಳ್ಳೋ ದೊಡ್ಡಣ್ಣ ಅಂದ್ರು. ನಂಗೆ ಈ ಕೆಲಸ ಕಲಿಸಿದ್ದೇ ಅವರು. ಅವರ ಮಾತನ್ನ ಪರೀಕ್ಷೆ ಮಾಡ್ಲಾ?"

ಇನ್‌ಸ್ಪೆಕ್ಟರ್ ತಮ್ಮ ಫೋನಿನಿಂದ ಆಸ್ಪತ್ರೆಗೊಂದು ಮೇಲ್ ಕಳಿಸಿ ಅರ್ಧ ಗಂಟೆ ಕಾದರು. ತಲುಪಲಿಲ್ಲ, ವಾಪಸ್ಸೂ ಬರಲಿಲ್ಲ. ಅವರ ತಂದೆ ಅಂಚೆಯವರು. ಹಿಂದಿರುಗದ ಕಾಗದ ಕಳೆದಿಲ್ಲ, ಎಲ್ಲೋ ಕೂತಿದೆ ಎನ್ನುತ್ತಿದ್ದರು. ತಂದೆಯ ಖಾಕಿ ಚೀಲ ನೆನಪಾಗಿ ಇನ್‌ಸ್ಪೆಕ್ಟರ್ ಹಳೇ ಸರ್ವರ್ ತೋರಿಸಲು ಹೇಳಿದರು.

ಹಳೇ ಯಂತ್ರದ ಕೋಣೆಯ ಬೀಗದ ಕೈ ದೊಡ್ಡಣ್ಣನ ಸೊಂಟದಲ್ಲಿತ್ತು. ಎಲ್ಲರೂ ‘ಅಜ್ಜಿ’ ಎನ್ನುತ್ತಿದ್ದ ಆ ಯಂತ್ರ ಗೊರಗೊರ ಸದ್ದು ಮಾಡುತ್ತಿತ್ತು. ಮೈಮೇಲೆ ಮಾಸಿದ ಶಾಯಿಯಲ್ಲಿ ಐದು ಸಹಿ. ಸಾಕ್ಷಿಗೆಂದು ಕರೆಸಿದ್ದ ಇಬ್ಬರು ಪಂಚರ ಮುಂದೆ ಎಂಜಿನಿಯರ್ ಪರದೆ ತೆರೆದ. ಒಳಬಂದ ಮೇಲ್‌ಗಳೆಲ್ಲ ಸರದಿಯಲ್ಲಿ ನಿಂತಿದ್ದವು, ದಾಟದಂತೆ ತಡೆ ಹಾಕಲಾಗಿತ್ತು. ಪಂಚನಾಮೆಯಲ್ಲಿ ಅದು ದಾಖಲಾಯಿತು.

"ತಡೆ ಹಾಕಿದ್ಯಾರು?"

"ನಾನೇ," ಎಂದ ದೊಡ್ಡಣ್ಣ.

"ಯಾಕೆ?"

"ಸರದಿ ಖಾಲಿಯಾಗೋವರೆಗೂ ಅಜ್ಜೀನ ಆರಿಸಬಾರದು ಅಂತ ನಿಯಮ ಸಾರ್. ಮಾಡಿದವನೂ ನಾನೇ. ಸರದಿ ನಿಂತ್ರೆ ಅಜ್ಜಿ ಉಳೀತಾಳೆ."

"ನಿಮಗೆ ಆಟ. ಮೇಲಿನ ವಾರ್ಡಲ್ಲಿ ಮಗೂಗೆ ಪ್ರಾಣಸಂಕಟ."

"ಯಾವ ಮಗು?"

ಪೇದೆ ವಿಷಯ ಹೇಳಿದಳು. ದೊಡ್ಡಣ್ಣ ಪಕ್ಕಕ್ಕೆ ಸರಿದು, "ತಡೆ ತೆಗಿ," ಎಂದ. ಎಂಜಿನಿಯರ್ ತೆಗೆದ. ಮೇಲ್‌ಗಳು ದಾಟಿದವು. ಮೂರೂವರೆಗೆ ವೈದ್ಯರ ಒಪ್ಪಿಗೆ ಹೋಯಿತು, ನಾಲ್ಕಕ್ಕೆ ಸಂಸ್ಥೆಯ ಉತ್ತರ ಬಂತು: ದಾನಿ ಹುಡುಗಿಗೇ. ಸೋದರಮಾವ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತ.

ಆಮೇಲೆಯೇ ದೊಡ್ಡಣ್ಣನನ್ನು ಬಂಧಿಸಿದ್ದು. ಹೇಳಿಕೆ ಬರೆಸುವಾಗ ಅವನು ಆ ಸಹಿಗಳನ್ನು ತೋರಿಸಿದ.

"ಆಗ ಲಿಫ್ಟ್ ಇರ್ಲಿಲ್ಲ. ಐದು ಜನ ಹೆಗಲು ಕೊಟ್ಟು ಮೇಲಕ್ಕೆ ತಂದ್ವಿ. ಈಗ ಉಳಿದಿರೋದು ನಾನೊಬ್ಬನೇ. ಇಲ್ಲಿ ಕೂತ್ರೆ ಎಲ್ಲಾರೂ ಇದ್ದಂಗಿರೋದು. ಇನ್ನೊಂದು ವಾರ ಇರ್ಲಿ ಅನ್ನಿಸ್ತು, ಅಷ್ಟೇ."

ಜಪ್ತಿಗೆ ಮುಂಚೆ ಯಂತ್ರ ಆರಿಸಬೇಕಿತ್ತು. ಸರದಿ ಖಾಲಿಯಾಗಿತ್ತು. "ನಾನೇ ಆರಿಸ್ಲಾ?" ಎಂದ ದೊಡ್ಡಣ್ಣ. ಇನ್‌ಸ್ಪೆಕ್ಟರ್ ಆಗಲಿ ಎಂದು ತಲೆಯಾಡಿಸಿದರು. ಗುಂಡಿ ಒತ್ತಿದಾಗ ಸದ್ದು ನಿಧಾನವಾಗಿ ನಿಂತಿತು.

"ಮಗೂಗೆ ಎಷ್ಟು ವಯಸ್ಸು ಸಾರ್?"

"ಏಳು."

ಅವನು ಬೀಗದ ಕೈಯನ್ನು ಪೇದೆಯ ಕೈಗಿಟ್ಟು ಹೊರಗೆ ನಡೆದ. ಅಜ್ಜಿಯತ್ತ ತಿರುಗಿ ನೋಡಲಿಲ್ಲ.