ಗೋಡೆ ಪಕ್ಕದ ಬಲೂನಿನವನು

ಡಿಕ್ಕಿ ಅಂತ ಕರೆಯುವುದಕ್ಕೂ ನಾಚಿಕೆಯಾಗುವಂಥ ಡಿಕ್ಕಿ ಅದು. ಕೆಂಪು ಸಿಗ್ನಲ್ಲಿನಲ್ಲಿ ಪುಟ್ಟಿಯ ಕಾರು ನಿಂತಿತ್ತು. ಹಿಂದಿನಿಂದ ಬಂದ ಇನ್ನೊಂದು ಕಾರು, ಸಂತೆಯಲ್ಲಿ ಯಾರೋ ಭುಜ ತಾಗಿಸಿದ ಹಾಗೆ, ಒಮ್ಮೆ ಮೆಲ್ಲಗೆ ಗುದ್ದಿ ನಿಂತಿತು. ಪಕ್ಕದ ಸೀಟಿನ ಮೇಲಿದ್ದ ಬಟ್ಟೆಯ ಗಂಟು ಕೆಳಗೆ ಬಿತ್ತು, ಅಷ್ಟೇ.

ಪುಟ್ಟಿ ಅಂದರೆ ಮಗುವೇನಲ್ಲ. ಮೂವತ್ತು ದಾಟಿದವಳು, ಅತ್ತಿಗೆಯ ಜೊತೆ ಟೈಲರಿಂಗ್ ಅಂಗಡಿ ನಡೆಸುವವಳು. ಮನೆಯಲ್ಲಿ ಕರೆಯುವ ಹೆಸರು ಅವಳ ಬೆನ್ನು ಹತ್ತಿ ಅಂಗಡಿಗೂ ಬಂದು ಅಲ್ಲೇ ಠಿಕಾಣಿ ಹೂಡಿತ್ತು.

ಜಗಳಕ್ಕೆ ತಯಾರಾಗಿಯೇ ಇಳಿದಳು. ಹಿಂದಿನ ಕಾರಿನ ಮೂತಿಗೆ ‘ಎಲ್’ ಬೋರ್ಡ್ ಅಂಟಿಸಿತ್ತು. ಸ್ಟೀರಿಂಗ್ ಹಿಡಿದಿದ್ದ ವಯಸ್ಸಾದ ಹೆಂಗಸು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಅವರ ಪಕ್ಕದಿಂದ ಇಳಿದು ಬಂದವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎತ್ತರದ ಆಳು, ಬೂದು ಬಣ್ಣದ ಅಂಗಿ.

“ತಪ್ಪು ನಂದು,” ಅಂದ.

“ಓಡಿಸ್ತಿದ್ದೋರು ಅವರಲ್ವಾ?”

“ಪಾಪ, ಟೀಚರಮ್ಮನ ಕಾಲು ಬ್ರೇಕ್ ಮೇಲಿಂದ ಜಾರ್ತು. ಮೂವತ್ತು ವರ್ಷ ಪಾಠ ಮಾಡಿ ರಿಟೈರ್ ಆಗಿ, ಈಗ ಕಾರು ಕಲೀತಿದ್ದಾರೆ. ನನ್ ಕಡೆಗೂ ಒಂದು ಬ್ರೇಕ್ ಇದೆ. ಒತ್ತಿದೆ, ಆದ್ರೆ ತಡವಾಯ್ತು. ಅದಕ್ಕೇ ತಪ್ಪು ನಂದು ಅಂದಿದ್ದು.”

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವನ ಜೊತೆ ಜಗಳ ಆಡುವುದು ಹೇಗೆ? ಬಂಪರಿನ ಮೇಲೆ ಧೂಳು ಒರೆಸಿದ ಗುರುತು ಬಿಟ್ಟರೆ ಒಂದು ಗೀರೂ ಇರಲಿಲ್ಲ.

“ಏನೂ ಆಗಿಲ್ಲ ಬಿಡಿ,” ಅಂದಳು ಪುಟ್ಟಿ.

“ಗಾಡಿಗೆ ಆಗಿಲ್ಲ. ನಿಮಗೆ ಆಗಿದ್ಯಾ ಇಲ್ವಾ ಅಂತ ನಾಳೆ ಗೊತ್ತಾಗುತ್ತೆ. ಕತ್ತು ಹಿಡ್ಕೊಂಡ್ರೆ ಫೋನ್ ಮಾಡಿ,” ಅಂದು ಸ್ಕೂಲಿನ ಕಾರ್ಡ್ ಕೈಗಿಟ್ಟ.

ನಂಬರ್ ಕೊಡುವುದಕ್ಕೆ ಇಂಥ ನೆಪವನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಸಂಜೆ ಅಂಗಡಿಯಲ್ಲಿ ಅತ್ತಿಗೆಗೆ ಅದನ್ನೇ ಅಭಿನಯಿಸಿ ತೋರಿಸಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೆಳಿಗ್ಗೆ ಏಳಲು ಹೋದರೆ ತಲೆ ದಿಂಬು ಬಿಟ್ಟು ಬರಲಿಲ್ಲ. ಕತ್ತಿನಿಂದ ಭುಜದವರೆಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಅತ್ತಿಗೆ ಕಾಫಿ ಹಿಡಿದುಕೊಂಡು ಬಂದರು. ನೋಡಲು ಪುಟ್ಟಿ ಇಡೀ ಮೈಯನ್ನೇ ತಿರುಗಿಸಬೇಕಾಯಿತು.

“ಕಾರ್ಡ್ ಎಲ್ಲಿಟ್ಟಿದ್ದೀಯೇ?” ಅಂದರು ಅತ್ತಿಗೆ. ಈ ಸಲ ಯಾರೂ ನಗಲಿಲ್ಲ.

ಮೇಷ್ಟ್ರು ಬಂದು ಅವಳನ್ನು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮೂಳೆಗೇನೂ ಆಗಿಲ್ಲ ಅಂತ ಧೈರ್ಯ ಹೇಳಿದರು. “ಮೆಲ್ಲಗೆ ಗುದ್ದಿದ್ರೂ ತಲೆ ಒಂದ್ಸಲ ಹಿಂದೆ ಮುಂದೆ ಜೋಲಿ ಹೊಡೆದಿರುತ್ತೆ. ಗಾಡಿ ನೋಡಿ ಕತ್ತಿನ ಲೆಕ್ಕ ಹಾಕ್ಬಾರ್ದು. ಮಲಗಿರ್ಬೇಡಿ, ಹೇಳಿಕೊಟ್ಟ ವ್ಯಾಯಾಮ ಮಾಡಿ. ನಿಧಾನವಾಗಿ ಸರಿಹೋಗುತ್ತೆ.”

ಬಾಗಿ ಬಟ್ಟೆ ಕತ್ತರಿಸುವುದೇ ಕೆಲಸವಾದವಳಿಗೆ ಬಾಗದ ಕತ್ತು ಕೊಟ್ಟರೆ ಏನು ಮಾಡಬೇಕು? ಅಂಗಡಿಯ ಕಟಿಂಗ್ ಟೇಬಲ್ ಮುಂದೆ ನಿಂತು ಪುಟ್ಟಿಗೆ ಅಳುವೇ ಬಂತು. ಮೇಷ್ಟ್ರು ಟೇಬಲ್ಲಿನ ಎತ್ತರ ಅಳೆದುಕೊಂಡು ಹೋದ. ಮಾರನೆಯ ದಿನ ನಾಲ್ಕು ಚಿಕ್ಕ ಮರದ ದಿಮ್ಮಿ ತಂದು, ಟೇಬಲ್ಲಿನ ಕಾಲುಗಳ ಕೆಳಗೆ ಇಟ್ಟ. ಅಲುಗಾಡದ ಹಾಗೆ ತಳಕ್ಕೆ ರಬ್ಬರ್ ಬೇರೆ ಅಂಟಿಸಿದ್ದ. ಟೇಬಲ್ ಅವಳ ಎದೆಯ ಮಟ್ಟಕ್ಕೆ ಬಂತು. ನೆಟ್ಟಗೆ ನಿಂತು ಮೊದಲ ಕತ್ತರಿ ಹಾಕಿದಾಗ ಅವಳ ಮನಸ್ಸು ತುಂಬಿ ಬಂತು. ಥ್ಯಾಂಕ್ಸ್ ಅನ್ನುವುದೇ ಮರೆತುಹೋಯಿತು.

ಆಮೇಲೆ ಕ್ಲಿನಿಕ್ಕಿನ ದಿನಗಳಂದು ಸ್ಕೂಲಿನ ಕಾರು ಅಂಗಡಿ ಮುಂದೆ ತಪ್ಪದೆ ನಿಲ್ಲತೊಡಗಿತು. ಕಾರಿನಲ್ಲಿ ಅವಳಿಗೆ ಕಾಣುತ್ತಿದ್ದದ್ದು ಎದುರಿನ ರಸ್ತೆ ಮಾತ್ರ. ಪಕ್ಕದಲ್ಲಿ ಅವನ ಮುಖವಿದೆ, ನೋಡುವ ಹಾಗಿಲ್ಲ. ಕಣ್ಣಂಚಿಗೆ ಸಿಕ್ಕಿದ್ದು ಸ್ಟೀರಿಂಗ್ ಮೇಲಿನ ಒಂದು ಕೈ, ಮಡಚಿದ ತೋಳು, ಗಡಿಯಾರದ ಪಟ್ಟಿ. ಆ ಪಟ್ಟಿ ಯಾವ ತೂತಿಗೆ ಸಿಕ್ಕಿಸಿದೆ ಅನ್ನುವುದು ಅವಳಿಗೆ ಬಾಯಿಪಾಠವಾಗಿತ್ತು.

“ಅಕ್ಕಪಕ್ಕ ಏನಿದೆ ಅಂತಾನೂ ಗೊತ್ತಾಗಲ್ಲ. ಕುದುರೆಗೆ ಕಣ್ಪಟ್ಟಿ ಕಟ್ಟಿದ ಹಾಗಾಗಿದೆ ನಂಗೆ,” ಅಂದಳು ಒಂದು ದಿನ.

“ನಾನು ಹೇಳ್ತೀನಿ ಬಿಡಿ. ಪಾಠ ಮಾಡುವಾಗ ಅದೇ ತಾನೇ ನನ್ನ ಕೆಲಸ? ಹಿಂದೆ ಬಸ್ಸು, ಪಕ್ಕದಲ್ಲಿ ಸೈಕಲ್, ಹುಷಾರು ಅನ್ನೋದು.” ಕನ್ನಡಿಯ ಕಡೆ ಕಣ್ಣು ಹಾಯಿಸಿ ಶುರುಮಾಡಿದ. “ನಿಮ್ಮ ಪಕ್ಕದ ಫುಟ್‌ಪಾತ್ ಮೇಲೆ ಒಂದು ನಾಯಿ, ಯಜಮಾನರನ್ನ ವಾಕಿಂಗ್ ಕರ್ಕೊಂಡು ಹೋಗ್ತಿದೆ. ಯಜಮಾನರಿಗೆ ಮನಸ್ಸಿಲ್ಲ.”

ನಕ್ಕರೆ ಕತ್ತು ನೋಯುತ್ತಿತ್ತು. ಆದರೂ ನಕ್ಕಳು.

ಅಂದಿನಿಂದ ಊರೆಲ್ಲ ಅವನ ಬಾಯಿಂದಲೇ ಅವಳಿಗೆ ಕಾಣತೊಡಗಿತು. ಛತ್ರಿಗಾಗಿ ಜಗಳವಾಡುವ ಅವಳಿ ಅಜ್ಜಿಯರು, ಗಾಜಿನಲ್ಲಿ ಮೀಸೆ ತಿರುವಿಕೊಳ್ಳುವ ಕಾವಲುಗಾರ. ಕ್ಲಿನಿಕ್ ಇದ್ದದ್ದು ಹತ್ತಿರದಲ್ಲೇ, ಒಂದು ಸರ್ಕಲ್ ದಾಟಿದರೆ ಸಿಗುತ್ತಿತ್ತು. ಮೇಷ್ಟ್ರು ಮಾತ್ರ ಪಾರ್ಕ್ ಬಳಸಿ, ಕೆರೆ ಬಳಸಿ, ಇರುವ ದಾರಿಗಿಂತ ಇಮ್ಮಡಿ ಸುತ್ತಿಸಿ ಕರೆದೊಯ್ಯುತ್ತಿದ್ದ. ಪುಟ್ಟಿಯೂ ಯಾಕೆ ಅಂತ ಕೇಳಲಿಲ್ಲ.

“ಕತ್ತು ಬಿಟ್ಟು ಉಳಿದಿದ್ದೆಲ್ಲ ತಿರುಗ್ತಾ ಇದೆ ನಿಂದು,” ಅಂದರು ಅತ್ತಿಗೆ, ಗುಂಡಿ ಹೊಲಿಯುತ್ತಾ. “ತಲೇನೂ ಸೇರಿ.”

“ಸುಮ್ನಿರಿ ಅತ್ತಿಗೆ.”

“ನಾನು ಸುಮ್ನೇ ಇದ್ದೀನಮ್ಮ. ಆ ಟೀಚರಮ್ಮನ ಕಾಲ್ಗುಣ ಚೆನ್ನಾಗಿದೆ ಅಂತ ಹೇಳ್ದೆ, ಅಷ್ಟೇ.”

ಒಂದು ದಿನ, “ನಿಮ್ಮ ಪಕ್ಕ ಬಲೂನಿನವನು. ಎಲ್ಲಾ ಹಳದಿ ಬಲೂನೇ, ಒಂದು ಮಾತ್ರ ನೀಲಿ. ಅದನ್ನ ಮಾರೋಕೆ ಅವನಿಗೇ ಇಷ್ಟ ಇದ್ದ ಹಾಗಿಲ್ಲ,” ಅಂದ ಮೇಷ್ಟ್ರು. ಪುಟ್ಟಿಗೆ ಅರಿವಿಲ್ಲದೆಯೇ ತಲೆ ಆ ಕಡೆ ಹೊರಳಿತು. ನೋಯಲಿಲ್ಲ. ಕತ್ತು ಎಣ್ಣೆ ಹಾಕಿದ ಬಾಗಿಲಿನ ಹಾಗೆ ತಿರುಗಿತು.

ಅಲ್ಲಿ ಬಲೂನೂ ಇರಲಿಲ್ಲ, ಬಲೂನಿನವನೂ ಇರಲಿಲ್ಲ. ಉದ್ದಕ್ಕೆ ಒಂದು ಸುಣ್ಣದ ಗೋಡೆ.

ಅವಳು ಸದ್ದಿಲ್ಲದೆ ಮುಖವನ್ನು ರಸ್ತೆಗೆ ವಾಪಸ್ ತಂದಳು. ಸುಳ್ಳು ಯಾಕೆ ಹೇಳಿದ ಅಂತ ಕೇಳಬೇಕು. ಕೇಳಿದರೆ, ನಿಮಗೆ ಹೇಗೆ ಗೊತ್ತಾಯ್ತು ಅಂತ ಅವನು ಕೇಳುತ್ತಾನೆ. ಕತ್ತು ವಾಸಿಯಾಯಿತು ಅಂದ ಮೇಲೆ ಕಾರು ಬರಲು ಕಾರಣವೇ ಇಲ್ಲ. ನೋವು ಹೋಯಿತು ಅನ್ನುವ ಸಂತೋಷಕ್ಕಿಂತ ಆ ಭಯವೇ ದೊಡ್ಡದಾಗಿತ್ತು. “ನೀಲಿ ಬಲೂನು ಯಾರಿಗೆ ಸಿಗುತ್ತೋ,” ಅಂದಳಷ್ಟೇ.

ಆದರೆ ಡಾಕ್ಟರಮ್ಮನ ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ. “ಪೂರ್ತಿ ವಾಸಿ. ಇನ್ನು ಬರ್ಬೇಡಿ,” ಅಂದುಬಿಟ್ಟರು. ವಾಪಸ್ ಬರುವಾಗ ಮೇಷ್ಟ್ರು ಅಕ್ಕಪಕ್ಕದ ಒಂದು ಕಥೆಯನ್ನೂ ಹೇಳಲಿಲ್ಲ. ಅಂಗಡಿ ಮುಂದೆ ನಿಲ್ಲಿಸಿ, “ಒಳ್ಳೇದಾಯ್ತು,” ಅಂದ. ಒಳ್ಳೆಯದಾದವನ ದನಿ ಅದಾಗಿರಲಿಲ್ಲ.

“ಒಳಗೆ ಬನ್ನಿ,” ಅಂದಳು ಪುಟ್ಟಿ. ಇನ್ನೇನು ಹೇಳಬೇಕೋ ತೋಚದೆ, “ನಿಮಗೊಂದು ಅಂಗಿ ಹೊಲೀಬೇಕು. ಅಳತೆ ಕೊಡಿ. ಆ ದಿಮ್ಮಿ ಇಲ್ದಿದ್ರೆ ನನ್ನ ಕೆಲಸ ನಿಂತೇ ಹೋಗ್ತಿತ್ತು. ಥ್ಯಾಂಕ್ಸ್ ಹೇಳೋಕೆ ನಂಗೆ ಬರೋದು ಇದೊಂದೇ,” ಅಂದಳು.

ಅತ್ತಿಗೆಗೆ ಇದ್ದಕ್ಕಿದ್ದಂತೆ ದಾರದ ಉಂಡೆ ತರುವ ನೆನಪಾಗಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಟೇಪು ಅವನ ಬೆನ್ನಿನ ಮೇಲೆ ಚಾಚಿಕೊಂಡಿತು. ಎಷ್ಟೋ ಜನರ ಭುಜ ಅಳೆದ ಕೈ ಇಂದು ಯಾಕೋ ಅಂಕಿ ಮರೆಯುತ್ತಿತ್ತು. ಇನ್ನೊಮ್ಮೆ ಅಳೆದಳು. ಒಂದು ಭುಜ ಇನ್ನೊಂದಕ್ಕಿಂತ ಮೇಲಿತ್ತು. ಹಾಕಿಕೊಂಡದ್ದು ಅಳತೆ ಕೊಟ್ಟು ಹೊಲಿಸಿದ ಅಂಗಿ, ಅದರ ಹೊಲಿಗೆ ನೋಡಿದಳು. ಅದು ಎರಡೂ ಕಡೆ ಸಮವಾಗಿತ್ತು. ಅಂದರೆ ಹುಟ್ಟಿನಿಂದ ಬಂದ ಭುಜವಲ್ಲ ಇದು, ಇತ್ತೀಚೆಗೆ ಏರಿದ್ದು.

“ಮೇಷ್ಟ್ರೇ, ಒಂದ್ಸಲ ಈ ಕಡೆ ನೋಡಿ.”

ಅವನು ತಿರುಗಿದ. ಪಾದ ತಿರುಗಿತು, ಸೊಂಟ ತಿರುಗಿತು, ಎದೆ ತಿರುಗಿತು. ಅವುಗಳ ಜೊತೆಗೇ ತಲೆ ಬಂತು. ಆ ತಿರುಗುವಿಕೆ ಅವಳಿಗೆ ಚೆನ್ನಾಗಿ ಗೊತ್ತು. ಅಷ್ಟು ದಿನ ಅವಳು ತಿರುಗಿದ್ದೂ ಹಾಗೆಯೇ. ಗತ್ತಿನ ಮನುಷ್ಯ, ಅದಕ್ಕೇ ಬೆನ್ನು ನೆಟ್ಟಗಿರುತ್ತದೆ ಅಂದುಕೊಂಡಿದ್ದಳು.

“ನಿಮಗೂ ಏಟಾಗಿದೆ,” ಅಂದಳು. “ಅವತ್ತೇ.”

ಅವನು ಕತ್ತರಿಯ ಕಡೆ ನೋಡಿದ, ಬಟ್ಟೆಯ ಕಡೆ ನೋಡಿದ. ಅವಳ ಕಡೆ ನೋಡಲು ಮಾತ್ರ ತಡಮಾಡಿದ. “ಸ್ವಲ್ಪ. ಈಗ ಕಡಿಮೆ.”

“ಯಾಕೆ ಹೇಳ್ಲಿಲ್ಲ?”

“ನಿಮ್ಮ ಕತ್ತಿನ ವಿಷಯ ಕೇಳಿ ಟೀಚರಮ್ಮ ಮೊದಲೇ ಅಳ್ತಿದ್ರು. ಒಂದು ಕತ್ತಲ್ಲ, ಎರಡು ಅಂತ ಗೊತ್ತಾದ್ರೆ ಮತ್ತೆ ಸ್ಟೀರಿಂಗ್ ಮುಟ್ತಿರ್ಲಿಲ್ಲ. ಅಲ್ದೆ ತಡವಾಗಿ ಬ್ರೇಕ್ ಒತ್ತಿದೋನು ನಂಗೂ ನೋವು ಅಂತ ನಿಮ್ಮ ಪಕ್ಕ ಕೂತ್ಕೊಳ್ಳೋದು ಸರಿ ಅನ್ನಿಸ್ಲಿಲ್ಲ.”

“ಹಾಗಾದ್ರೆ ಪಕ್ಕದಲ್ಲಿ ಏನಿದೆ ಅಂತ ನಿಮಗೂ ಕಾಣ್ತಿರ್ಲಿಲ್ಲ.”

“ಕನ್ನಡಿಯಲ್ಲಿ ಸಿಕ್ಕಷ್ಟು ಕಾಣ್ತಿತ್ತು. ನಾಯಿ ನಿಜ. ಅಜ್ಜಿಯರಲ್ಲಿ ಒಬ್ಬರು ನಿಜ.”

“ಬಲೂನಿನವನು?”

ಮೇಷ್ಟ್ರ ಮುಖ ಕೆಂಪಾಯಿತು. “ನಿಮಗೆ ಹೇಗೆ ಗೊತ್ತಾಯ್ತು?”

“ತಿರುಗಿ ನೋಡ್ದೆ. ಅವತ್ತೇ ವಾಸಿಯಾಗಿತ್ತು. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರ ಅಂತ ಬಾಯಿ ಮುಚ್ಕೊಂಡಿದ್ದೆ.” ಹೇಳಿದ ಮೇಲೆ ತಾನು ಏನು ಹೇಳಿದೆ ಅನ್ನುವುದು ಅವಳಿಗೇ ಕೇಳಿಸಿತು. ಟೇಪನ್ನು ಬೆರಳಿಗೆ ಸುತ್ತತೊಡಗಿದಳು. “ಮತ್ತೆ ಆ ಕೆರೆ ಸುತ್ತ, ಪಾರ್ಕ್ ಸುತ್ತ... ಕತ್ತು ತಿರುಗಿಸೋ ಸರ್ಕಲ್ ತಪ್ಪಿಸೋಕೆ ಅಲ್ವಾ?”

“ಅರ್ಧ ಅದಕ್ಕೆ.”

“ಇನ್ನರ್ಧ?”

“ಇನ್ನರ್ಧ ಕತ್ತಿಗೆ ಸಂಬಂಧಪಟ್ಟಿದ್ದಲ್ಲ,” ಅಂದ ಮೇಷ್ಟ್ರು. ಈ ಸಲ ಮೈಯೆಲ್ಲ ತಿರುಗಿಸಿ, ಪೂರ್ತಿ ಅವಳ ಎದುರಿಗೆ ಬಂದು ನಿಂತ. “ನಿಮ್ಮನ್ನ ಬಿಟ್ಟು ಹೋಗೋಕೆ ನಂಗೆ ಮನಸ್ಸಿಲ್ಲ. ಇಷ್ಟ ಆಗಿಬಿಟ್ಟಿದ್ದೀರ.”

ಅಷ್ಟು ದಿನ ಕಣ್ಣಂಚಿನಲ್ಲೇ ಇದ್ದ ಮುಖ ಈಗ ಮೊಳದ ದೂರದಲ್ಲಿತ್ತು. ಹುಬ್ಬಿನ ಪಕ್ಕ ಒಂದು ಚಿಕ್ಕ ಮಚ್ಚೆ. ಅದು ಅವಳಿಗೆ ಗೊತ್ತೇ ಇರಲಿಲ್ಲ.

“ನಂಗೂ ಇಷ್ಟ ಆಗಿದ್ದೀರ,” ಅಂದಳು ಪುಟ್ಟಿ. “ನಾಳೆ ರೆಡಿಯಾಗಿರಿ. ಕ್ಲಿನಿಕ್ಕಿಗೆ ನಾನು ಕರ್ಕೊಂಡು ಹೋಗ್ತೀನಿ. ವಾಸಿಯಾಗೋ ತನಕ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ.”

ಮರುದಿನ ತನ್ನ ಕಾರಿನಲ್ಲೇ ಹೊರಟಳು. ಆ ಡಿಕ್ಕಿಯ ನಂತರ ಅವಳು ಅದನ್ನು ಹೊರಗೆ ತೆಗೆದಿದ್ದು ಅದೇ ಮೊದಲು. ಅದೇ ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ಒಂದು ಕಾರು ಬಂತು. ಪುಟ್ಟಿಯ ಭುಜ ತಾನಾಗಿ ಬಿಗಿಯಾಯಿತು. ಪಕ್ಕದಲ್ಲಿ ಮೇಷ್ಟ್ರ ಬೂಟು ನೆಲದ ಮ್ಯಾಟನ್ನು ಬಲವಾಗಿ ಒತ್ತಿತು.

“ಅಲ್ಲಿ ಬ್ರೇಕ್ ಇಲ್ಲ,” ಅಂದಳು.

“ಗೊತ್ತು. ಆದ್ರೂ ಈ ಸಲ ತಡಮಾಡ್ಬಾರ್ದು ಅಂತ.”

ಹಿಂದಿನ ಕಾರು ದೂರದಲ್ಲೇ ಮರ್ಯಾದೆಯಿಂದ ನಿಂತಿತು. ಅವಳ ಭುಜ ಇಳಿಯಿತು. ಟೀಚರಮ್ಮನಿಗೆ ಒಂದು ಒಳ್ಳೆ ರವಿಕೆ ಹೊಲಿದುಕೊಡಬೇಕು ಅಂದುಕೊಂಡಳು. ಯಾಕೆ ಅಂತ ಮಾತ್ರ ಹೇಳಬಾರದು.

“ಪಕ್ಕದಲ್ಲಿ ಏನಿದೆ ಹೇಳಿ. ನಂಗೆ ಕಾಣಲ್ಲ,” ಅಂದ ಮೇಷ್ಟ್ರು.

ಪುಟ್ಟಿ ಕತ್ತು ತಿರುಗಿಸಿದಳು, ಸಲೀಸಾಗಿ, ಪೂರ್ತಿ. ಅವನಾಚೆಗಿನ ಫುಟ್‌ಪಾತ್ ಖಾಲಿ ಇತ್ತು.

“ಬಲೂನಿನವನು ನಿಂತಿದ್ದಾನೆ,” ಅಂದಳು. “ಹಳದಿಯೆಲ್ಲ ಹಾಗೇ ಇದೆ.”

“ನೀಲಿ?”

“ಅದನ್ನ ಕೊಟ್ಟುಬಿಟ್ಟನಂತೆ.”

ಸಿಗ್ನಲ್ ಹಸಿರಾಯಿತು. ಕ್ಲಿನಿಕ್ಕಿಗೆ ನೇರ ಹೋಗಬೇಕಿತ್ತು. ಪುಟ್ಟಿ ಕೆರೆಯ ಕಡೆ ತಿರುಗಿಸಿದಳು.