ಒಂದು ಹೊಸ ಹಂಚು

೨೦೦೧ನೇ ಇಸವಿ ಜೂನ್ ೧೪, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಗಬ್ಬೂರಿನ ಕಾಳಿನ ವ್ಯಾಪಾರಿ ಗುರುಶಿದ್ದಪ್ಪ ಠಾಣೆಗೆ ಬಂದು ಕಳವಿನ ದೂರು ಕೊಟ್ಟರು. ಹಿಂದಿನ ದಿನ ಮನೆಗೆ ಬೀಗ ಹಾಕಿ ಎಲ್ಲರೂ ನವಲಗುಂದಕ್ಕೆ ಮದುವೆಗೆ ಹೋಗಿದ್ದರು. ಬಂದು ನೋಡಿದರೆ ಟ್ರಂಕಿನ ಬೀಗ ಮುರಿದಿತ್ತು.

"ಬಂಗಾರ?" ಇನ್‌ಸ್ಪೆಕ್ಟರ್ ಶಿವಯೋಗೀಶ ಕೇಳಿದರು.

"ಐತ್ರಿ."

"ಮತ್ತೇನ ಹೋಗೇತ್ರಿ?"

"ಸೊಸಿ ವಿದ್ಯಾನ ಮಾರ್ಕ್ಸ್ ಕಾರ್ಡ್ ರಿ. ಸಾಲಿ ಟೀಚರ್ ನೌಕರಿಗೆ ಇವತ್ತ ಐದರ ತನಕ ಧಾರವಾಡದಾಗ ಅವನ್ನ ನೋಡತಾರ. ಅದರೊಳಗ ಹಿಡೀರಿ."

"ಆಕೀ ಕಾಗದ ನಿಮ್ಮ ಟ್ರಂಕಿನ್ಯಾಗ ಯಾಕಿದ್ವು?"

"ನಾವೇನ ಆಕೀಗೆ ತ್ರಾಸ ಕೊಟ್ಟಿಲ್ರಿ!"

ತ್ರಾಸದ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸೊಸೆ ನೌಕರಿಗೆ ಹೋಗಬಾರದೆಂದು ಕಾಗದಕ್ಕೆ ತಾವೇ ಬೀಗ ಹಾಕಿಟ್ಟಿದ್ದನ್ನು ಆಮೇಲೆ ಒಪ್ಪಿದರು. ಅವಳು ಮದುವೆಯಿಂದ ಸೀದಾ ತವರಿಗೆ ಹೋಗಿದ್ದಳು. ಆದರೂ ಕಾನೂನಿಗೆ ಕಳವು ಕಳವೇ. ಕಲಂ ೪೫೪, ೩೮೦ರಡಿ ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಪಂಚನಾಮೆ. ಬಾಗಿಲ ಬೀಗ ಗಟ್ಟಿಯಿತ್ತು, ಕಿಟಕಿಯ ಸರಳು ಅಲುಗಿರಲಿಲ್ಲ. ಕಾನ್‌ಸ್ಟೇಬಲ್ ಇಮಾಮಹುಸೇನ ಛಾವಣಿ ಹತ್ತಿ ಕೂಗಿದ.

"ಸಾಹೇಬ್ರ, ಇಲ್ಲೆ ಹಂಚ ತಗದ ಇಳದಾನ್ರಿ, ಪಾಚಿ ಕಿತ್ತೇತಿ. ಹೋಗೂಮುಂದ ಮತ್ತ ಹೊಚ್ಯಾನ್ರಿ, ಸಾಲ ಒಂಚೂರೂ ಸೊಟ್ಟಿಲ್ಲ. ಒಂದ ಹಂಚ ಮಾತ್ರ ಹೊಸಾದು."

ಕೆಳಗೆ ಸೊಸೆಯ ಕೋಣೆ. ಹಂಚು ತೆಗೆಯುವ ಕಳ್ಳರನ್ನು ಶಿವಯೋಗೀಶ ಬೇಕಾದಷ್ಟು ಕಂಡಿದ್ದರು. ಹೊಚ್ಚಿ ಹೋಗುವವನನ್ನು ಕಂಡಿದ್ದು ಇದೇ ಮೊದಲು.

"ಸೊಸಿ ತಂದಿ ಏನ ಮಾಡ್ತಾರ್ರಿ?"

"ಮೈಲಾರಿ ಅಂತ್ರಿ. ಅಮ್ಮಿನಬಾವ್ಯಾಗ ಹಂಚ ಹೊಚ್ಚೂ ಕೆಲಸ..." ಗುರುಶಿದ್ದಪ್ಪನವರ ದನಿ ಅರ್ಧಕ್ಕೇ ನಿಂತಿತು.

ಮಧ್ಯಾಹ್ನ ಒಂದೂವರೆಗೆ ಮೈಲಾರಿಯ ಹಿತ್ತಲಲ್ಲಿ ಅದೇ ಅಚ್ಚಿನ ಹಂಚುಗಳು ಸಿಕ್ಕವು. ಮಗಳು ಮನೆಯಲ್ಲಿರಲಿಲ್ಲ. ಅವನು ಅಂಗಿ ತೊಟ್ಟು ಜೀಪು ಹತ್ತಿದ.

ಮೂರಕ್ಕೆ ವಿಚಾರಣೆ.

"ಕಾಗದ ಎಲ್ಲಿ?"

ಮೈಲಾರಿ ತಲೆಯೆತ್ತಿ ಗೋಡೆ ಗಡಿಯಾರ ನೋಡಿದ.

"ಮಗಳೆಲ್ಲಿ?"

ಅವನ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. ಹೊರಗೆ ಗುರುಶಿದ್ದಪ್ಪ ಕೂಗಾಡುತ್ತಿದ್ದರು. ನಾಲ್ಕಕ್ಕೆ ಇಮಾಮಹುಸೇನ ಒಳಗೆ ಬಂದ.

"ಧಾರವಾಡಕ್ಕ ಜೀಪ್ ಬಿಡ್ಲೇನ್ರಿ?"

ಶಿವಯೋಗೀಶರಿಗೆ ಸಂಕಟವಾಯಿತು. ಕಾಗದ ಜಪ್ತಿಯಾದರೆ ಕೋರ್ಟಿಗೆ ಹೋಗುತ್ತವೆ, ಹುಡುಗಿಯ ನೌಕರಿ ಮಣ್ಣುಪಾಲು.

"ಆರೋಪಿ ಇನ್ನೂ ಬಾಯಿ ಬಿಟ್ಟಿಲ್ಲ. ಎಲ್ಲಿಗಂತ ಬಿಡ್ತಿ?" ಎಂದು ಗದರಿದರು.

ಗಡಿಯಾರ ಐದು ಹೊಡೆಯಿತು.

"ಈಗ ಬರಕೊಳ್ರಿ ಸಾಹೇಬ್ರ," ಎಂದ ಮೈಲಾರಿ. "ನಾನ ಇಳದೆ, ನಾನ ತಗೊಂಡೆ. ಮುಂಜಾನಿ ಮಗಳ ಕೈಯಾಗ ಕೊಟ್ಟೆ. ಕೀಲಿ ಮುರದದ್ದು ಆಕೀಗೆ ಗೊತ್ತಿಲ್ರಿ."

ಐದೂ ಇಪ್ಪತ್ತಕ್ಕೆ ದಸ್ತಗಿರಿ. ಸಹಿ ಬಾರದ್ದಕ್ಕೆ ಹೆಬ್ಬೆಟ್ಟು ಒತ್ತಿದ. ಶಿವಯೋಗೀಶ ತಡೆಯಲಾರದೆ ಕೇಳಿದರು.

"ಹಳೇ ಹಂಚ ಇಟ್ಟಿದ್ರ ನಾವು ನಿನ್ನ ತನಕ ಬರತಿದ್ದಿಲ್ಲ. ಹೊಸಾದ ಯಾಕ ಒಯ್ದಿ?"

"ಅದು ಒಡದಿತ್ರಿ. ಎರಡ ಮಳಿಗಾಲ ಆತು, ಹಾಸಗಿ ಮ್ಯಾಲ ಸೋರತೈತಿ ಅಂತಿದ್ಲು."

"ಇನ್ನ ಆಕಿ ಆ ಮನಿಗೆ ಹೋಗ್ತಾಳೇನು?"

ಮೈಲಾರಿ ಹೆಬ್ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡ.

"ಹೋದ್ರ ತೊಯ್ಸಕೋಬಾರದಲ್ರಿ."